ಉಂಗುರದ ಬೆಳಕಿಗೆ ಕಣ ಸೋಂಕಿದಾಗ

ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು 1948ರಲ್ಲಿ ಕಟ್ಟಿದ ಸಿ.ವಿ. ರಾಮನ್ ಎಂದೊಡನೆ ನೆನಪಾಗುವುದು ಬೆಳಕಿನ ಚದುರುವಿಕೆ. ಆ ಶೋಧಕ್ಕೂ ಮೊದಲೇ ಅವರನ್ನು ಪಿಸುಮಾತು ಕಾಡಿತ್ತು. ದುಂಡು ಗೋಡೆಯ ಗುಂಟ ಸಾಗಿ ಸದ್ದು ಆಚೆ ಬದಿಗೆ ಹೇಗೆ ಮುಟ್ಟುತ್ತದೆಂದು 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪರೀಕ್ಷಿಸಿದರು. ಮರುವರ್ಷ ನಮ್ಮ ವಿಜಯಪುರದ ಗೋಳಗುಮ್ಮಟದ ಬಗ್ಗೆಯೂ ಬರೆದರು. ಗೋಡೆ ಹಿಡಿದು ಸುತ್ತುವ ಅಲೆ, ಕಣಕ್ಕೆ ತಗುಲಿ ಚದುರುವ ಬೆಳಕು: ಇವೆರಡೂ ಇಂದು ಒಂದು ಗಾಜಿನ ಉಂಗುರದಲ್ಲಿ ಕೂಡಿವೆ.

ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಉಂಗುರ ಅದು. ಒಳಗೆ ಹೊಕ್ಕ ಬೆಳಕು ಅಂಚಿನಲ್ಲಿ ಪೂರ್ಣವಾಗಿ ಪ್ರತಿಫಲಿಸುತ್ತ ಸುತ್ತುತ್ತದೆ. ಗಾಜು ನಯವಾಗಿದ್ದರೆ ಕಂತುವ ಮೊದಲು ಸುಮಾರು 50 ಸಾವಿರ ಸುತ್ತು ಹಾಕೀತು. ಹಾಗೆ ಸುತ್ತುವಾಗ ಬೆಳಕಿನ ಒಂದಂಶ ಗಾಜಿನಾಚೆಗೂ ತುಸು ಚಾಚಿಕೊಂಡಿರುತ್ತದೆ. ಕಣ ಸಿಕ್ಕಿಬೀಳುವುದು ಅಲ್ಲೇ.

ಬೆಳಕು ಎಡಕ್ಕೆ ಸುತ್ತಿದರೂ ಬಲಕ್ಕೆ ಸುತ್ತಿದರೂ ಕಂಪನಾಂಕ ಒಂದೇ. ಕಣವೊಂದು ಕೂತರೆ ಮುಂದೆ ಹೊರಟ ಬೆಳಕಿನಲ್ಲಿ ಕೊಂಚ ಹಿಂದಕ್ಕೆ ಚದುರುತ್ತದೆ. ಎರಡು ದಿಕ್ಕಿನ ಅಲೆಗಳು ಬೆರೆತು ಎರಡು ನಿಂತ ಅಲೆಗಳಾಗುತ್ತವೆ. ಒಂದರ ಉಬ್ಬು ಕಣದ ಮೇಲೆಯೇ ಬೀಳುವುದರಿಂದ ಅದರ ಕಂಪನಾಂಕ ಇಳಿಯುತ್ತದೆ. ಇನ್ನೊಂದು ಅದೇ ಜಾಗದಲ್ಲಿ ಸೊನ್ನೆಯಾಗಿರುವುದರಿಂದ ಕಣದ ಗೊಡವೆಯೇ ಅದಕ್ಕಿಲ್ಲ. ರೋಹಿತದಲ್ಲಿ ಒಂದಿದ್ದ ಗೆರೆ ಎರಡಾಗಿ ಸೀಳುತ್ತದೆ. ಸೀಳಿನ ಅಂತರ ಮತ್ತು ಗೆರೆಗಳ ದಪ್ಪವನ್ನು ಹೋಲಿಸಿದರೆ ಕಣದ ಗಾತ್ರವೇ ತಿಳಿಯುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಾನ್ ಯಾಂಗ್ ತಂಡ 2010ರಲ್ಲಿ ಕೇವಲ 30 ನ್ಯಾನೊಮೀಟರ್ ತ್ರಿಜ್ಯದ ಒಂಟಿ ಕಣವನ್ನು ಹೀಗೆ ಅಳೆದು ತೋರಿಸಿತು. ಹಲವು ವೈರಸ್‌ಗಳ ಗಾತ್ರವೂ ಹೆಚ್ಚುಕಡಿಮೆ ಇಷ್ಟೇ!

ಉಂಗುರದ ಪಕ್ಕ ಇನ್ನೊಂದು ಉಂಗುರ ಇಟ್ಟರೆ ಕಥೆ ರಂಗೇರುತ್ತದೆ. ಆಚೆ ಚಾಚಿದ ಬೆಳಕು ನೆರೆಯ ಉಂಗುರಕ್ಕೆ ಜಾರಿ ಮತ್ತೆ ಮರಳುತ್ತದೆ. ಒಂದರಲ್ಲಿ ಬೆಳಕನ್ನು ವರ್ಧಿಸಿ, ಇನ್ನೊಂದರಲ್ಲಿ ಸೋರಲು ಬಿಟ್ಟು, ನಡುವಿನ ಕೊಡುಕೊಳ್ಳುವಿಕೆಯನ್ನು ಸರಿಯಾಗಿ ಹೊಂದಿಸಿದರೆ ಜೋಡಿಯ ಎರಡು ಗೆರೆಗಳು ಬೆಸೆದು ಒಂದಾಗುವ ವಿಶಿಷ್ಟ ಬಿಂದು ಸಿಗುತ್ತದೆ. ಅಲ್ಲಿ ಸೀಳು ಕಣ ತರುವ ಅಡಚಣೆಯ ವರ್ಗಮೂಲದಂತೆ ಬೆಳೆಯುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲಿನ ಅಡಚಣೆಗೆ ನೂರರಲ್ಲಿ ಒಂದು ಪಾಲಿನ ಉತ್ತರ! ಮೂರು ಉಂಗುರಗಳನ್ನು ಹೊಂದಿಸಿದರೆ ಘನಮೂಲ. 2017ರಲ್ಲಿ 'ನೇಚರ್' ಪತ್ರಿಕೆಯ ಎರಡು ಲೇಖನಗಳು ಈ ಬಿಂದುವಿನ ಬಲವನ್ನು ಪ್ರಯೋಗದಲ್ಲೇ ತೋರಿದವು.

ಆದರೆ ಕಣದ ಗುರುತು ಹಿಗ್ಗುವ ಹಾಗೆ ಲೇಸರಿನ ನಡುಕ, ಶಾಖದ ಏರಿಳಿತಗಳೂ ಅಲ್ಲಿ ಹಿಗ್ಗುತ್ತವೆ. ಕಣವನ್ನು ಈ ಗದ್ದಲದಿಂದ ಬೇರ್ಪಡಿಸಿ ಓದುವುದೇ ಈಗಿನ ನಿಜವಾದ ಕೆಲಸ. ಯಶವಂತಪುರಕ್ಕೆ ಹತ್ತಿರದ ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಸಿಲಿಕಾನ್ ಮೇಲೆ ಇಂಥ ಉಂಗುರಗಳನ್ನು ಕೆತ್ತುವವರಿಗೂ ಅಂಚಿನ ಒಂದೊಂದು ನ್ಯಾನೊಮೀಟರಿನ ಒರಟುತನ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಒರಟು ಅಂಚೂ ಕಣದಂತೆಯೇ ಗೆರೆಯನ್ನು ಸೀಳುತ್ತದೆ.