ಏರೋನಾಟಿಕಲ್ ಓದಿದವರಿಗೆ ಕೆಲಸ ಎಲ್ಲಿ?

ನವಿ ಮುಂಬೈ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ಡಿಸೆಂಬರ್ 25ರಿಂದ ಅಲ್ಲಿ ಪ್ರಯಾಣಿಕ ವಿಮಾನಗಳು ಓಡಾಡುತ್ತಿವೆ. ಮಗಳನ್ನೋ ಮಗನನ್ನೋ ಏರೋನಾಟಿಕಲ್ ಎಂಜಿನಿಯರಿಂಗಿಗೆ ಹಾಕಿದರೆ ಮನೆಯ ಹತ್ತಿರವೇ ಕೆಲಸ ಸಿಕ್ಕೀತು ಎಂದು ಮುಂಬೈ ಹೊರವಲಯದ ವಿಠ್ಠಲವಾಡಿ, ಡೊಂಬಿವಲಿಯ ಕನ್ನಡ ತಂದೆತಾಯಿಗಳಿಗೆ ಅನಿಸುವುದು ಸಹಜ. ಆದರೆ ಫೀಸು ಕಟ್ಟುವ ಮೊದಲು ಒಂದು ಸಂಗತಿ ತಿಳಿದಿರಲೇಬೇಕು. ನಿಲ್ದಾಣದಲ್ಲಿ ನಿಂತ ವಿಮಾನವನ್ನು ಪರೀಕ್ಷಿಸಿ ಹಾರಲು ಬಿಡುವ ಅಧಿಕಾರ ಬಿ.ಇ. ಪದವಿಯಿಂದ ಬರುವುದಿಲ್ಲ. ಅದು ಬರುವುದು ಎಎಂಇ ಲೈಸೆನ್ಸಿನಿಂದ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರನಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೊಡುವ ಪರವಾನಗಿಯಿಂದ.

ಈ ದಾರಿಗೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ್ದರೆ ಸಾಕು. ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ, ಮಾಡ್ಯೂಲ್ ಪರೀಕ್ಷೆಗಳು, ಬಳಕೆಯಲ್ಲಿರುವ ವಿಮಾನಗಳ ಮೇಲೆ ಕೈಯಾರೆ ಮಾಡಿದ ಕೆಲಸದ ಅನುಭವ, ಇವೆಲ್ಲ ಸೇರಿದರೆ ಲೈಸೆನ್ಸು. ಎಂಜಿನ್ ಮತ್ತು ಒಡಲಿನ ಕೆಲಸಕ್ಕೆ ಬಿ1, ಎಲೆಕ್ಟ್ರಾನಿಕ್ಸಿಗೆ ಬಿ2. ಅದಾದ ಮೇಲೂ ಎ320 ಅಥವಾ ಬೋಯಿಂಗ್ 737 ಎಂದು ಒಂದೊಂದು ಮಾದರಿಗೂ ಟೈಪ್ ರೇಟಿಂಗ್ ಬೇಕು. ಅದಿಲ್ಲದವನು ಆ ವಿಮಾನಕ್ಕೆ ಸಹಿ ಹಾಕುವಂತಿಲ್ಲ.

ಸಹಿಯ ತೂಕ ಅಂಥದು. ರಾತ್ರಿ ಪಾಳಿಯಲ್ಲಿ ಲೈನ್ ಮೇಂಟೆನೆನ್ಸಿನವರು ಟಾರ್ಚು ಹಿಡಿದು ಎಂಜಿನ್ನಿನ ಬಾಯಿಗೆ ಬಗ್ಗುತ್ತಾರೆ. ಫ್ಯಾನ್ ಬ್ಲೇಡುಗಳ ಅಂಚನ್ನು ಒಂದೊಂದಾಗಿ ನೋಡುತ್ತಾರೆ, ಹಕ್ಕಿಯೋ ಕಲ್ಲೋ ಬಡಿದು ಎಲ್ಲಾದರೂ ಕಚ್ಚು ಬಿದ್ದಿದೆಯೇ ಎಂದು. ಬಿದ್ದಿದ್ದರೆ ಅದರ ಆಳ ಅಳೆದು ಕೈಪಿಡಿ ತೆಗೆಯುತ್ತಾರೆ. ಮಿತಿಯೊಳಗಿದ್ದರೆ ಹಾರಬಹುದು, ಮೀರಿದರೆ ವಿಮಾನ ನಿಂತಲ್ಲೇ ನಿಲ್ಲಬೇಕು. ಟೆಕ್ ಲಾಗಿನಲ್ಲಿ ಹೆಸರು, ಲೈಸೆನ್ಸ್ ನಂಬರು ಬರೆದವನೇ ಆ ಮಾತಿಗೆ ಜವಾಬ್ದಾರ. ಮಳೆ, ಬಿಸಿಲು, ನಿದ್ದೆಗೆಟ್ಟ ರಾತ್ರಿಗಳಿಗೆ ಒಗ್ಗುವವರಿಗೆ ಇದು ಗೌರವದ ವೃತ್ತಿ. ಏರ್‌ಲೈನುಗಳೂ ದುರಸ್ತಿ ಹ್ಯಾಂಗರುಗಳೂ ಇವರಿಗೆ ಕೆಲಸ ಕೊಡುತ್ತವೆ.

ಪದವೀಧರರ ಕೆಲಸವೇ ಬೇರೆ. ವಿಮಾನ ಇನ್ನೂ ಕಂಪ್ಯೂಟರಿನಲ್ಲಿರುವಾಗಲೇ ಅವರು ಅದರ ಜೊತೆಗಿರುತ್ತಾರೆ. ರೆಕ್ಕೆಯ ಒಳಗಿನ ಅಂಗೈಯಗಲದ ಒಂದು ಬ್ರಾಕೆಟ್ಟಿನ ಮೇಲೆ ಸ್ಟ್ರೆಸ್ ಎಂಜಿನಿಯರ್ ವಾರಗಟ್ಟಲೆ ಕೂರಬಹುದು. ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ಹಾಕಿದರೂ ಅದು ಮುರಿಯಬಾರದು, ಹಾಗೆಂದು ಬೇಕಾದ್ದಕ್ಕಿಂತ ಹೆಚ್ಚು ತೂಗಲೂಬಾರದು. ಈ ಬಗೆಯ ಕೆಲಸ ನಮ್ಮ ದೇಶದಲ್ಲಿ ಬೆಂಗಳೂರಿನಷ್ಟು ದಟ್ಟವಾಗಿ ಬೇರೆಲ್ಲೂ ಇಲ್ಲ.

ಅದರ ಬೇರು ಮುಂಬೈಯ ಉದ್ಯಮದಲ್ಲೇ ಇದೆ. ಸೊಲ್ಲಾಪುರದಲ್ಲಿ ಹುಟ್ಟಿ ಮುಂಬೈಯಲ್ಲಿ ಉದ್ಯಮ ಬೆಳೆಸಿದ ವಾಲಚಂದ್ ಹಿರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕಲ್ ವಿಭಾಗ ಶುರುವಾಯಿತು, 1959ರಲ್ಲಿ ವಿಮಾನ ಸಂಶೋಧನಾಲಯ ಎನ್‌ಎಎಲ್ ಸ್ಥಾಪನೆಯಾಯಿತು, 1984ರಲ್ಲಿ ಹುಟ್ಟಿದ ವಿಮಾನ ವಿನ್ಯಾಸ ಸಂಸ್ಥೆ ಎಡಿಎಯ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಮೊದಲ ಬಾರಿ ಹಾರಿತು. ಈಗ ದೇವನಹಳ್ಳಿಯ ಬಳಿ ಬೋಯಿಂಗಿನ ದೊಡ್ಡ ಎಂಜಿನಿಯರಿಂಗ್ ಕೇಂದ್ರವಿದೆ. ಏರ್‌ಬಸ್ ಕೂಡ ಬೆಂಗಳೂರಿನಲ್ಲಿದೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗ ತಯಾರಿಸುತ್ತದೆ.

ಮನೆ ಬಿಟ್ಟು ಅಷ್ಟು ದೂರ ಹೋಗಲಾರದವರಿಗೆ ನಾಸಿಕ್ ಇದೆ. ಕಲ್ಯಾಣದಲ್ಲಿ ರೈಲು ಹತ್ತಿದರೆ ಕಸಾರಾ ಘಾಟಿನಾಚೆ ನಾಸಿಕ್ ಬಳಿಯ ಓಝರ್, 1964ರಲ್ಲಿ ಮಿಗ್ ವಿಮಾನಗಳಿಗಾಗಿ ಎಚ್‌ಎಎಲ್ ಕಾರ್ಖಾನೆ ಎದ್ದ ಊರು. ಸುಖೋಯ್-30 ಅಲ್ಲಿ ಜೋಡಣೆಯಾಗಿದೆ. 2025ರ ಅಕ್ಟೋಬರ್ 17ರಂದು ಅಲ್ಲಿಯೇ ಕಟ್ಟಿದ ಮೊದಲ ತೇಜಸ್ ಮಾರ್ಕ್-1ಎ ಆಕಾಶಕ್ಕೇರಿತು. ಸೆಂಟ್ರಲ್ ಲೈನಿನಲ್ಲೇ ಸಿಗುವ ವಿಖ್ರೋಲಿಯಲ್ಲಿ ಗೋದ್ರೇಜ್ ದಶಕಗಳಿಂದ ಇಸ್ರೋಗೆ ವಿಕಾಸ್ ರಾಕೆಟ್ ಎಂಜಿನ್ ಮಾಡಿಕೊಡುತ್ತಿದೆ. ಆದರೆ ಇಂಥ ಕಾರ್ಖಾನೆಗಳ ಬಾಗಿಲು ಮೆಕ್ಯಾನಿಕಲ್, ಪ್ರೊಡಕ್ಷನ್ ಓದಿದವರಿಗೂ ತೆರೆದೇ ಇರುತ್ತದೆ. ಏರೋನಾಟಿಕಲ್ ಹುಡುಗರು ಪೈಪೋಟಿ ನಡೆಸಬೇಕಾದದ್ದು ಅವರ ಜೊತೆಗೆ.

ಇಸ್ರೋ ಕನಸಿನ ಬಗ್ಗೆ ಎಚ್ಚರ ಹೇಳಲೇಬೇಕು. ಅದರ ಕೇಂದ್ರೀಯ ನೇಮಕಾತಿ ಪರೀಕ್ಷೆ ಹೆಚ್ಚಾಗಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಪದವೀಧರರನ್ನೇ ಕರೆಯುತ್ತದೆ. ರಾಕೆಟ್ಟಿನ ಆಸೆಯಿಂದ ಏರೋನಾಟಿಕಲ್ ಸೇರಿ, ಕೊನೆಯ ವರ್ಷದಲ್ಲಿ ತನ್ನ ಶಾಖೆಯ ಹೆಸರು ಜಾಹೀರಾತಿನಲ್ಲಿ ಇಲ್ಲವೆಂದು ತಿಳಿಯುವುದು ಎಳೆಯ ಮನಸ್ಸಿಗೆ ದೊಡ್ಡ ಪೆಟ್ಟು. ರಾಕೆಟ್ಟೇ ಬೇಕೆಂದರೆ ಕೇಂದ್ರ ಸರ್ಕಾರದ ಬಾಹ್ಯಾಕಾಶ ಇಲಾಖೆಯಡಿ 2007ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಐಐಎಸ್‌ಟಿಯ ಪ್ರವೇಶವನ್ನು ಮೊದಲೇ ವಿಚಾರಿಸಬೇಕು. ಡಿಆರ್‌ಡಿಒ ಏರೋನಾಟಿಕಲ್ ಪದವೀಧರರನ್ನು ವಿಜ್ಞಾನಿಗಳಾಗಿ ಗೇಟ್ ಅಂಕಗಳ ಮೇಲೆ ಕರೆಯುತ್ತದೆ. ವಾಯುಪಡೆಯ ಟೆಕ್ನಿಕಲ್ ಶಾಖೆಗೆ ಆಯ್ಕೆಯಾದವರ ತಾಂತ್ರಿಕ ತರಬೇತಿ ಬೆಂಗಳೂರಿನ ಜಾಲಹಳ್ಳಿಯಲ್ಲಿ.

ಶಾಖೆ ಯಾವುದೆಂದು ಇನ್ನೂ ತೀರ್ಮಾನವಾಗದ ಮಕ್ಕಳಿಗೆ ನನ್ನ ಸಲಹೆ ಮೆಕ್ಯಾನಿಕಲ್. ಮೊದಲು ಅದನ್ನು ಓದಿ, ವಿಮಾನದ ಆಸೆ ಆಮೇಲೂ ಉಳಿದಿದ್ದರೆ ಗೇಟ್ ಬರೆದು ಏರೋಸ್ಪೇಸ್ ಎಂ.ಟೆಕ್‌ಗೆ ಹೋಗಬಹುದು. ಅಂಥ ವಿಭಾಗ ಪವಾಯಿಯ ಐಐಟಿಯಲ್ಲೇ ಇದೆ. ಮೊದಲಿಗೇ ಏರೋನಾಟಿಕಲ್ ಆರಿಸಿಕೊಂಡವರು ಕಾಲೇಜಿನ ಕಟ್ಟಡ ನೋಡಿ ಮರುಳಾಗಬಾರದು. ಅಲ್ಲಿ ವಿಂಡ್ ಟನಲ್ ನಿಜವಾಗಿ ಓಡುತ್ತಿದೆಯೇ, ಕಳೆದ ವರ್ಷ ಮುಗಿಸಿದವರು ಯಾವ ಕಂಪನಿಯಲ್ಲಿ ಯಾವ ಕೆಲಸದಲ್ಲಿದ್ದಾರೆ ಎಂದು ಆ ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ, ಆಮೇಲೆ ಫೀಸು ಕಟ್ಟಬೇಕು.