ಸೋರದ ಮರದ ಮೀನುತೊಟ್ಟಿ: ಮನೆಯಲ್ಲೇ ಕಟ್ಟುವ ಕ್ರಮ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ನೀರಿನ ಪರಿಸ್ಥಿತಿ ಒಂದೇ ತೆರನಾಗಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಕಬ್ಬಿಗೆ ಸಾಕಷ್ಟು ನೀರುಂಟು. ಅಥಣಿಯ ಪೂರ್ವ ಭಾಗದ ಒಣ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಕೊಡ ನೀರಿಗೂ ಕಾಯಬೇಕು. ಆದರೆ ನೀರು ತುಂಬಿಡುವ ಟಾಕಿ, ಬ್ಯಾರಲ್ಲು, ದನಗಳ ತೊಟ್ಟಿ ಇಲ್ಲದ ಮನೆ ಎರಡೂ ಕಡೆ ಇಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿ ನೀರಿನಲ್ಲಿಯೇ. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನನ್ನು ಬಾವಿ, ತೊಟ್ಟಿಗಳಲ್ಲಿ ಬಿಟ್ಟು ಮಲೇರಿಯಾ ಹತೋಟಿಗೆ ತರುವ ಕೆಲಸ 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ನಡೆಯಿತು. ಹೆಣ್ಣು ಗಪ್ಪಿ ಮೊಟ್ಟೆ ಇಡದೆ ಮರಿಗಳನ್ನೇ ಹಾಕುತ್ತದೆ, ಅದೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಆದ್ದರಿಂದ ಓಣಿಗೆ ಒಂದು ತಾಯಿತೊಟ್ಟಿ ಇದ್ದರೆ ಓಣಿಯ ಟಾಕಿಗಳಿಗೆಲ್ಲ ಮೀನು ಒದಗಿಸಬಹುದು.

ಪೇಟೆಯ ಗಾಜಿನ ದೊಡ್ಡ ತೊಟ್ಟಿ ದುಬಾರಿ. ಹಳ್ಳಿಯ ರಸ್ತೆಯಲ್ಲಿ ಒಡೆಯದಂತೆ ತರುವುದೂ ಕಷ್ಟ. ಊರ ಬಡಿಗೇರನ ನೆರವಿನಿಂದ ಮುಂಬದಿಗೆ ಮಾತ್ರ ಗಾಜಿರುವ ಮರದ ತೊಟ್ಟಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹೀಗೆ ಮಾಡಿದ ತೊಟ್ಟಿಗಳಲ್ಲಿ ಎಷ್ಟೋ ಆರು ತಿಂಗಳೊಳಗೆ ಸೋರತೊಡಗುತ್ತವೆ. ಅದರ ಕಾರಣ ತಿಳಿದುಕೊಂಡರೆ ಸೋರದಂತೆ ಕಟ್ಟುವುದು ಕಷ್ಟವಲ್ಲ.

ಹರಿಗೋಲು ಕಲಿಸುವ ಪಾಠ

ಹರಿಗೋಲನ್ನು ಕಂಡವರಿಗೆ ಇದರ ತತ್ವ ಗೊತ್ತೇ ಇದೆ. ಬಿದಿರ ಹೆಣಿಗೆ ಭಾರ ಹೊರುತ್ತದೆ, ಆದರೆ ಅದರಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಚರ್ಮ ಅಥವಾ ಹಾಳೆ ನೀರು ತಡೆಯುತ್ತದೆ, ಆದರೆ ಭಾರ ಹೊರಲಾರದು. ಎರಡೂ ತಮ್ಮ ತಮ್ಮ ಕೆಲಸ ಮಾಡುವುದರಿಂದ ಹರಿಗೋಲು ತೇಲುತ್ತದೆ. ಮರದ ಮೀನುತೊಟ್ಟಿಯೂ ಹೀಗೆಯೇ. ಮರದ್ದು ಬಲದ ಕೆಲಸ, ಒಳಗಿನ ಲೇಪದ್ದು ನೀರು ತಡೆಯುವ ಕೆಲಸ. ಸಂದುಗಳನ್ನು ಬಿಗಿಯಾಗಿ ಕೂಡಿಸಿ ಬಣ್ಣ ಬಳಿದರೆ ಮರವೇ ನೀರು ಹಿಡಿದೀತು ಎಂದು ನಂಬಿದವರ ತೊಟ್ಟಿ ಸೋರುತ್ತದೆ.

ಇದಕ್ಕೆ ಕಾರಣ ಮರದ ಸ್ವಭಾವ. ಮರ ತೇವ ಹೀರಿದಾಗ ಅಡ್ಡಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ; ಎಳೆಯ ಉದ್ದಕ್ಕೆ ಮಾತ್ರ ಬದಲಾವಣೆ ತೀರ ಕಡಿಮೆ. ಬೇಸಿಗೆಯಲ್ಲಿ ಗಾಡಿಯ ಗಾಲಿ ಒಣಗಿ ಕಬ್ಬಿಣದ ಹಳಿ ಸಡಿಲಾದಾಗ ಗಾಲಿಯನ್ನು ಹಳ್ಳದ ನೀರಿನಲ್ಲಿ ನಿಲ್ಲಿಸುವುದು ಈ ಕಾರಣಕ್ಕೆ. ಹಲಗೆಗಳನ್ನು ಕೂಡಿಸಿ ಮಾಡಿದ ತೊಟ್ಟಿಯಲ್ಲಿ ಪ್ರತಿ ಹಲಗೆಯೂ ಹೀಗೆ ಅಲುಗುತ್ತದೆ. ಒಣಗಿ ಬಿರುಸಾದ ಬಣ್ಣ ಸಂದಿನಲ್ಲಿ ಸೀಳುತ್ತದೆ. ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿರುವುದರಿಂದ ಒಂದು ಪದರ ಹಿಗ್ಗಲು ಹೋದರೆ ಇನ್ನೊಂದು ತಡೆಯುತ್ತದೆ. ಆದುದರಿಂದ ತೊಟ್ಟಿಯ ಗೋಡೆ, ತಳಗಳಿಗೆ ಪ್ಲೈವುಡ್ಡೇ ಆಗಬೇಕು. ಕಟ್ಟು ಮತ್ತು ಕಾಲುಗಳಿಗೆ ಚೆನ್ನಾಗಿ ಒಣಗಿದ ಜಾಲಿ, ಬೇವು, ಸಾಗವಾನಿ ಯಾವುದಾದರೂ ನಡೆಯುತ್ತದೆ.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ನೋಡಬೇಕು. ಐ.ಎಸ್. 710 ಎಂಬುದು ದೋಣಿ ಮುಂತಾದ ಕೆಲಸಕ್ಕೆ ಬರುವ ಮರೈನ್ ದರ್ಜೆ, ಇದು ಉತ್ತಮ. ಐ.ಎಸ್. 303ರಲ್ಲಿ ಬಿ.ಡಬ್ಲ್ಯು.ಆರ್. ಎಂಬ ದರ್ಜೆ ನಡೆದೀತು. ಎಂ.ಆರ್. ದರ್ಜೆ ಗಾಳಿಯ ತೇವವನ್ನು ತಾಳುವಷ್ಟೇ. ತೊಟ್ಟಿಗೆ ಅದು ಬೇಡ.

ನೀರಿನ ಒತ್ತಡದ ಲೆಕ್ಕ

ಒಂದು ಸೆಂ.ಮೀ. ಆಳದ ನೀರು ಪ್ರತಿ ಚದರ ಸೆಂ.ಮೀ.ಗೆ ಒಂದು ಗ್ರಾಂ ಒತ್ತುತ್ತದೆ. ತೊಟ್ಟಿಯ ಒಳ ಅಳತೆ ಉದ್ದ 115, ಅಗಲ 60, ಎತ್ತರ 50 ಸೆಂ.ಮೀ. ಇದ್ದು, 45 ಸೆಂ.ಮೀ. ನೀರು ನಿಲ್ಲಿಸಿದರೆ 310 ಲೀಟರ್ ಹಿಡಿಯುತ್ತದೆ. ತಳದ ಮೇಲೆ ಬೀಳುವ ಭಾರ 310 ಕಿ.ಗ್ರಾಂ. ಉದ್ದನೆಯ ಒಂದೊಂದು ಗೋಡೆಯನ್ನು ನೀರು ಹೊರಕ್ಕೆ ತಳ್ಳುವ ಬಲ ಸುಮಾರು 116 ಕಿ.ಗ್ರಾಂ.; ಅಂದರೆ ಜೋಳದ ಒಂದು ಚೀಲಕ್ಕಿಂತ ಹೆಚ್ಚು. ಗಿಡ್ಡ ಗೋಡೆಗೆ ಸುಮಾರು 61 ಕಿ.ಗ್ರಾಂ.

ಈ ತಳ್ಳುವಿಕೆ ಆಳವನ್ನು ಅವಲಂಬಿಸಿದೆ. ಗೋಡೆಯ ಹಿಂದೆ ಎಷ್ಟು ಅಗಲ ನೀರಿದೆ ಎಂಬುದನ್ನಲ್ಲ. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಇದೇ ಗೋಡೆಗೆ 90 ಸೆಂ.ಮೀ. ನೀರು ನಿಲ್ಲಿಸಿದರೆ ತಳ್ಳುವ ಬಲ 466 ಕಿ.ಗ್ರಾಂ. ಆದ್ದರಿಂದ ಹೆಚ್ಚು ನೀರು ಬೇಕಾದವರು ಅಗಲವನ್ನು ಹೆಚ್ಚಿಸಬೇಕೇ ಹೊರತು ಎತ್ತರವನ್ನಲ್ಲ. ಒತ್ತಡದ ಹೆಚ್ಚು ಪಾಲು ಗೋಡೆಯ ಬುಡಕ್ಕೆ ಬೀಳುವುದರಿಂದ ತಳದ ಜೋಡಣೆಯೇ ಮುಖ್ಯ.

ನೀರು, ಮರ, ಗಾಜು, ಉಸುಕು, ಕಾಲುಗಳು ಎಲ್ಲ ಸೇರಿ ತೂಕ 400 ಕಿ.ಗ್ರಾಂ. ಸಮೀಪಿಸುತ್ತದೆ. ತೊಟ್ಟಿಯನ್ನು ಮಣ್ಣಿನ ಮಾಳಿಗೆಯ ಮೇಲೆ ಇಡಕೂಡದು. ನೆಲಮಟ್ಟದ ಗಟ್ಟಿ ಜಾಗದಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಬಿಸಿಲಿಗೆ ಲೇಪವೂ ಕೆಡುತ್ತದೆ, ನೀರೂ ಪಾಚಿಗಟ್ಟುತ್ತದೆ.

ಕೊಯ್ತ ಮತ್ತು ಜೋಡಣೆ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 18 ಮಿ.ಮೀ. ದಪ್ಪದ ಒಂದೇ ಹಾಳೆಯಲ್ಲಿ ಇಡೀ ತೊಟ್ಟಿ ಆಗುತ್ತದೆ. ತುಂಡುಗಳು ಹೀಗಿರಲಿ:

ತಳ: 118.6 × 63.6 ಸೆಂ.ಮೀ., ಒಂದು
ಮುಂದಿನ ಮತ್ತು ಹಿಂದಿನ ಗೋಡೆ: 118.6 × 50 ಸೆಂ.ಮೀ., ಎರಡು
ಮಗ್ಗುಲ ಗೋಡೆ: 60 × 50 ಸೆಂ.ಮೀ., ಎರಡು
ಮೇಲಂಚಿನ ಪಟ್ಟಿ: 7 ಸೆಂ.ಮೀ. ಅಗಲದವು, ಉದ್ದನೆಯವು ಎರಡು, 60 ಸೆಂ.ಮೀ.ನವು ಮೂರು

ಗೋಡೆಗಳು ತಳದ ಹಲಗೆಯ ಮೇಲೆ ಕೂಡಬೇಕು. ಮೂರು ಗಿಡ್ಡ ಪಟ್ಟಿಗಳಲ್ಲಿ ಒಂದನ್ನು ನಟ್ಟನಡುವೆ ಅಡ್ಡ ಕೂಡಿಸಬೇಕು. ಉದ್ದನೆಯ ಗೋಡೆಗಳು ಹೊಟ್ಟೆ ಬಿಡದಂತೆ ಹಿಡಿಯುವುದು ಈ ಅಡ್ಡಪಟ್ಟಿಯೇ.

ಜೋಡಿಸುವ ಮೊದಲೇ ಮುಂದಿನ ಗೋಡೆಯಲ್ಲಿ 99 × 34 ಸೆಂ.ಮೀ. ಕಿಟಕಿ ಕೊರೆಯಬೇಕು. ಪ್ರತಿ ಸಂದಿಗೂ ನೀರಿಗೆ ಬಿಡದ ಅಂಟು ಹಚ್ಚಿ, ಮೊದಲು ಸಣ್ಣ ತೂತು ಕೊರೆದು, 50 ಮಿ.ಮೀ. ಉದ್ದದ ತುಕ್ಕು ಹಿಡಿಯದ ಸ್ಕ್ರೂಗಳನ್ನು 10 ಸೆಂ.ಮೀ.ಗೊಂದರಂತೆ ಬಿಗಿಯಬೇಕು. ಮೊಳೆ ಹೊಡೆಯಬಾರದು, ಕಾಲಕ್ರಮದಲ್ಲಿ ಅದು ಸಡಿಲಾಗುತ್ತದೆ. ಬುಡದ ಸುತ್ತ ಹೊರಗಿನಿಂದ ಜಾಲಿಯ ಒಂದು ಪಟ್ಟಿಯನ್ನು ಅಂಟು, ಸ್ಕ್ರೂಗಳಿಂದ ಕೂಡಿಸಿದರೆ ತಳದ ಜೋಡಣೆಗೆ ದುಪ್ಪಟ್ಟು ಬಲ ಬರುತ್ತದೆ.

ನೀರು ತಡೆಯುವ ಲೇಪ

ಇದಕ್ಕೆ ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಒಳ್ಳೆಯದು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ ಇರುತ್ತದೆ. ಕುಡಿಯುವ ನೀರಿನ ಟಾಕಿಗೆ ಬರುವಂಥದನ್ನೇ ಕೇಳಿ ತರಬೇಕು. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿಯೇ ತೂಗಿ ಕಲಸಬೇಕು. ಗಟ್ಟಿ ಮಾಡುವ ದ್ರವ ಹೆಚ್ಚು ಹಾಕಿದರೆ ಬೇಗ ಒಣಗೀತು ಎಂಬುದು ತಪ್ಪು ತಿಳಿವಳಿಕೆ. ಪ್ರಮಾಣ ತಪ್ಪಿದರೆ ಲೇಪ ಎಂದಿಗೂ ಜಿಗುಟಾಗಿಯೇ ಉಳಿದು ಮೀನಿಗೆ ವಿಷವಾಗುತ್ತದೆ. ಒಮ್ಮೆಗೆ 200 ಗ್ರಾಂ.ಗಿಂತ ಹೆಚ್ಚು ಕಲಸಬಾರದು; ಹೆಚ್ಚು ಕಲಸಿದರೆ ಪಾತ್ರೆಯಲ್ಲೇ ಕಾದು ಗಟ್ಟಿಯಾಗುತ್ತದೆ. ಕೈಗೆ ರಬ್ಬರ್ ಚೀಲ ಹಾಕಿಕೊಂಡು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು.

ಮರ ಪೂರ್ಣ ಒಣಗಿರುವ ಫೆಬ್ರುವರಿಯಿಂದ ಮೇ ತಿಂಗಳವರೆಗೆ ಈ ಕೆಲಸಕ್ಕೆ ಸೂಕ್ತ ಕಾಲ. ಬಿಸಿಲೇರುವ ಹೊತ್ತಿನಲ್ಲಿ ಬಳಿದರೆ ಮರದೊಳಗಿನ ಗಾಳಿ ಹಿಗ್ಗಿ ಲೇಪದಲ್ಲಿ ಗುಳ್ಳೆ ಏಳುತ್ತದೆ. ಸಂಜೆ ತಂಪೇರುವಾಗ ಬಳಿದರೆ ಗಾಳಿ ಕುಗ್ಗಿ ಲೇಪವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕ್ರಮ ಹೀಗಿದೆ:

1. ಒಳಮೈಯನ್ನು ಉಜ್ಜುಕಾಗದದಿಂದ ತಿಕ್ಕಿ ಧೂಳು ತೆಗೆದು ಮೊದಲ ಲೇಪ ಕೊಡಬೇಕು. ಕಿಟಕಿಯ ಕೊಯ್ದ ಅಂಚುಗಳು ಉಳಿದೆಲ್ಲ ಕಡೆಗಿಂತ ಹೆಚ್ಚು ನೀರು ಹೀರುತ್ತವೆ. ಅವುಗಳಿಗೆ ಹೀರುವುದು ನಿಲ್ಲುವವರೆಗೆ ಬಳಿಯಬೇಕು.

2. ಎಪಾಕ್ಸಿಗೆ ಜರಡಿ ಹಿಡಿದ ನುಣ್ಣನೆಯ ಮರದ ಹೊಟ್ಟು ಕಲಸಿ ಲಪ್ಪದ ಹದಕ್ಕೆ ತಂದು ಒಳಮೂಲೆಗಳನ್ನೆಲ್ಲ ದುಂಡಗೆ ತುಂಬಬೇಕು. ಚೂಪಾದ ಮೂಲೆಯಲ್ಲಿ ಲೇಪ ತೆಳುವಾಗಿ ಅಲ್ಲಿಯೇ ಸೀಳುತ್ತದೆ.

3. ಮೂಲೆಗಳ ಮೇಲೆ 10 ಸೆಂ.ಮೀ. ಅಗಲದ ಗಾಜಿನ ನಾರಿನ ಬಟ್ಟೆಯ ಪಟ್ಟಿಯನ್ನು ಎಪಾಕ್ಸಿಯಲ್ಲಿ ನೆನೆಸಿ ಕೂಡಿಸಬೇಕು.

4. ಇಡೀ ಒಳಮೈಗೆ ಇನ್ನೆರಡು ಲೇಪ ಕೊಡಬೇಕು. ಹಿಂದಿನ ಲೇಪ ಪೂರ್ತಿ ಗಟ್ಟಿಯಾಗಿಬಿಟ್ಟಿದ್ದರೆ ನೀರಿನಿಂದ ಒರೆಸಿ, ಒಣಗಿಸಿ, ಉಜ್ಜುಕಾಗದದಿಂದ ತಿಕ್ಕಿದ ಮೇಲೆಯೇ ಮುಂದಿನದನ್ನು ಬಳಿಯಬೇಕು.

ಒಳಮೈ ಸುಮಾರು ಎರಡೂವರೆ ಚದರ ಮೀಟರು. ಮೂರು ಲೇಪಗಳಿಗೆ ಒಂದೂವರೆ ಕಿ.ಗ್ರಾಂ. ಎಪಾಕ್ಸಿ ಬೇಕಾದೀತು. ಕೊನೆಯ ಲೇಪದ ನಂತರ ಕನಿಷ್ಠ ಏಳು ದಿನ ಮುಟ್ಟದೆ ಬಿಡಬೇಕು. ಹೊರಮೈಗೆ ಸಾಮಾನ್ಯ ವಾರ್ನಿಷ್ ಸಾಕು.

ಗಾಜು ಕೂಡಿಸುವುದು

ಗಾಜು 107 × 42 ಸೆಂ.ಮೀ. ಅಳತೆಯದಿದ್ದು, 8 ಮಿ.ಮೀ.ಗೆ ಕಡಿಮೆ ಇರಬಾರದು, 10 ಮಿ.ಮೀ. ಇದ್ದರೆ ಲೇಸು. ಅದನ್ನು ತೊಟ್ಟಿಯ ಒಳಗಿನಿಂದಲೇ ಕೂಡಿಸಬೇಕು. ಆಗ ನೀರಿನ ಒತ್ತಡ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಹೊರಗಿನಿಂದ ಕೂಡಿಸಿದರೆ ಅದೇ ಒತ್ತಡ ಗಾಜನ್ನು ಕಿತ್ತೊಗೆಯುತ್ತದೆ. ಗಾಜು ಕೂಡುವ ಜಾಗದ ಎಪಾಕ್ಸಿಯನ್ನು ತಿಕ್ಕಿ ಒರಟು ಮಾಡಿ, ಸಿಲಿಕೋನ್ ಅಂಟನ್ನು ಸುತ್ತಲೂ ಎಲ್ಲಿಯೂ ಕಡಿಯದಂತೆ ಹಾಕಿ, ಗಾಜನ್ನು ಮೆಲ್ಲಗೆ ಒತ್ತಬೇಕು. ನಡುವೆ ಸುಮಾರು 3 ಮಿ.ಮೀ. ಅಂಟು ಉಳಿಯಬೇಕು, ಪೂರ್ತಿ ಹಿಂಡಿ ತೆಗೆಯಬಾರದು. ಮೀನುತೊಟ್ಟಿಗೆಂದೇ ಮಾರುವ ಸಿಲಿಕೋನನ್ನೇ ತರಬೇಕು. ಬಚ್ಚಲುಮನೆಗೆಂದು ಮಾರುವುದರಲ್ಲಿ ಬೂಷ್ಟು ಕೊಲ್ಲುವ ಔಷಧ ಬೆರೆಸಿರಬಹುದು. ಅದು ಮೀನನ್ನೂ ಕೊಲ್ಲುತ್ತದೆ. ಅಂಟಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಸುಮಾರು ಒಂದು ವಾರ, ಕಾಯಬೇಕು.

ಸೋರಿಕೆಯ ಪರೀಕ್ಷೆ

ತೊಟ್ಟಿಯನ್ನು ಅಂಗಳದ ನೆರಳಿನಲ್ಲಿ, ಸಮತಟ್ಟಾದ ಆಸರೆಯ ಮೇಲಿಟ್ಟು ಮೊದಲ ದಿನ ಕಾಲು ಭಾಗ, ಎರಡನೆಯ ದಿನ ಅರ್ಧ, ಮೂರನೆಯ ದಿನ ಪೂರ್ತಿ ತುಂಬಬೇಕು. ನೀರು ತಗ್ಗಿದರೆ ಅದು ಸೋರಿದ್ದೋ, ಆವಿಯಾದದ್ದೋ ಎಂಬ ಸಂಶಯ ಬರುತ್ತದೆ. ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯೊಂದನ್ನು ಅಂಚಿನವರೆಗೆ ತುಂಬಿಟ್ಟು ಎರಡರಲ್ಲಿಯೂ ಗುರುತು ಹಾಕಿರಿ. ಎರಡೂ ಸಮನಾಗಿ ತಗ್ಗಿದರೆ ಅದು ಆವಿ. ತೊಟ್ಟಿಯದು ಹೆಚ್ಚು ತಗ್ಗಿದರೆ ಸೋರಿಕೆ. ಹಾಗಿದ್ದರೆ ನೀರು ತೆಗೆದು, ಪೂರ್ಣ ಒಣಗಿಸಿ, ಒಳಗಿನಿಂದಲೇ ದುರಸ್ತಿ ಮಾಡಬೇಕು. ಹೊರಗಿನಿಂದ ಮೆತ್ತಿದ್ದು ನಿಲ್ಲುವುದಿಲ್ಲ. ಕೃಷಿ ಹೊಂಡದ ಸೋರಿಕೆಯನ್ನು ಅಳೆಯಲೂ ಇದೇ ವಿಧಾನ ಉಪಯುಕ್ತ.

ಈ ಭಾಗದ ರೈತರು ಗಮನಿಸಬೇಕಾದ ವಿಷಗಳು

ಸೋರದ ತೊಟ್ಟಿಯಲ್ಲಿಯೂ ಮೀನು ಸಾಯುವುದುಂಟು. ನಿಪ್ಪಾಣಿ ಭಾಗದ ಮನೆಗಳಲ್ಲಿ ತಂಬಾಕಿನ ವಹಿವಾಟು ಹಳೆಯದು. ತಂಬಾಕಿನ ನಿಕೋಟಿನ್ ಮೀನಿಗೆ ಕಡು ವಿಷ. ಮೀನುಕೆರೆಯ ಬೇಡದ ಮೀನುಗಳನ್ನು ಕೊಲ್ಲಲು ತಂಬಾಕಿನ ಪುಡಿ ಬಳಸುವ ರೂಢಿ ಕೆಲವು ದೇಶಗಳಲ್ಲಿ ಇದೆ. ತಂಬಾಕು ತುಂಬಿದ ಪೆಟ್ಟಿಗೆಯ ಹಲಗೆಗಳನ್ನು ಮೀನುತೊಟ್ಟಿಗೆ ಬಳಸಬಾರದು. ತಂಬಾಕು ಮುಟ್ಟಿದ ಕೈ ತೊಳೆಯದೆ ನೀರಿಗೆ ಹಾಕಬಾರದು. ಅಥಣಿ, ಕಾಗವಾಡಗಳ ದ್ರಾಕ್ಷಿ ಬೆಳೆಗಾರರು ಬೋರ್ಡೋ ದ್ರಾವಣ ಕಲಸಿದ ಬಕೀಟನ್ನು ತೊಟ್ಟಿಗೆ ನೀರು ಹಾಕಲು ಬಳಸಬಾರದು. ಅದರ ಮೈಲುತುತ್ತದ ತಾಮ್ರ ತೀರ ಅಲ್ಪ ಪ್ರಮಾಣದಲ್ಲಿಯೇ ಮೀನಿಗೆ ಮಾರಕ. ಸಿಂಪರಣೆಯ ಪಂಪು, ಪೈಪುಗಳ ಮಾತಂತೂ ಬೇಡ. ಡಾಂಬರು, ಡೀಸೆಲ್, ಎಣ್ಣೆ ಬಣ್ಣ, ಗೆದ್ದಲು ಔಷಧ ಬಳಿದ ಮರ ಇವೂ ಒಳಮೈಗೆ ಬೇಡ.

ನೀರು ಹದಗೊಳಿಸುವುದು

ಪರೀಕ್ಷೆಯ ನೀರನ್ನು ಚೆಲ್ಲಿಬಿಡದೆ ಗಿಡಗಳಿಗೆ ಹಾಕಿ, ಹೊಸ ನೀರು ತುಂಬಿ, ಎರಡು ದಿನ ಬಿಟ್ಟು ಅದನ್ನೂ ತೆಗೆಯಬೇಕು. ಮೂರನೆಯ ಸಲ ತುಂಬಿದ ನೀರಿನಲ್ಲಿ ಮೊದಲು ನಾಲ್ಕೈದು ಗಪ್ಪಿಗಳನ್ನು ಮಾತ್ರ ಬಿಡಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಹೊಲದಲ್ಲಿ ಯೂರಿಯಾದಿಂದ ಬಂದ ಅಮೋನಿಯಾವನ್ನು ನೈಟ್ರೇಟ್ ಮಾಡುವಂಥ ಸೂಕ್ಷ್ಮಜೀವಿಗಳೇ ತೊಟ್ಟಿಯ ಉಸುಕಿನಲ್ಲಿಯೂ ಬೆಳೆದು ಆ ಕೆಲಸ ಮಾಡುತ್ತವೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ತೊಟ್ಟಿ ತುಂಬ ಮೀನು ಬಿಟ್ಟವರ ಮೀನು ಸಾಯುವುದು ಇದರಿಂದಲೇ. ಆಮೇಲೆಯೂ 310 ಲೀಟರಿಗೆ 5 ಸೆಂ.ಮೀ. ಉದ್ದದ ಮೂವತ್ತು ಮೀನು ಮಿತಿ ಎಂದು ಇಟ್ಟುಕೊಳ್ಳುವುದು ಕ್ಷೇಮ. ಕೊಳವೆ ಬಾವಿಯ ಗಡಸು ನೀರನ್ನು ಗಪ್ಪಿ ಚೆನ್ನಾಗಿ ತಾಳುತ್ತದೆ. ನಳದ ಕ್ಲೋರಿನ್ ನೀರನ್ನು ಒಂದು ದಿನ ತೆರೆದಿಟ್ಟು ಬಳಸಬೇಕು. ಗಪ್ಪಿ ನಮ್ಮ ನಾಡಿನ ಮೀನಲ್ಲ. ಮನೆಯ ಟಾಕಿಗಳಿಗೆ ಮಾತ್ರ ಬಿಡಬೇಕು, ಹಳ್ಳ, ಕೆರೆ, ನದಿಗೆ ಬಿಡಬಾರದು.

ಕಡಿಮೆ ಖರ್ಚಿನ ಬಗೆ

ಗಾಜು ಬೇಡ, ಮೀನು ಸಾಕಿದರೆ ಸಾಕು ಎನ್ನುವವರು ಎಪಾಕ್ಸಿಯ ಖರ್ಚನ್ನೂ ಉಳಿಸಬಹುದು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ನಂತರ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಈ ಭಾಗದ ಊರುಗಳಿಗೆ ಪರಿಚಿತವಾಗಿದೆ. ಉಳಿದ ತುಂಡು 2.45 × 1.9 ಮೀಟರ್ ಇದ್ದರೆ ಇದೇ ಅಳತೆಯ ಪೆಟ್ಟಿಗೆಗೆ ಸಾಲುತ್ತದೆ. ಮೂಲೆಗಳನ್ನು ಕತ್ತರಿಸದೆ ಲಕೋಟೆಯಂತೆ ಮಡಚಿ, ಅಂಚನ್ನು ಮೇಲಕ್ಕೆ ತಂದು ಪಟ್ಟಿಯ ಕೆಳಗೆ ಬಿಗಿಯಬೇಕು. ನೀರಿನ ಮಟ್ಟದ ಕೆಳಗೆ ಒಂದು ಮೊಳೆಯೂ ಇರಬಾರದು. ಈ ಹಾಳೆಗೆ ಯಾವ ಅಂಟೂ ನೆಚ್ಚಿಕೆಯಾಗಿ ಹಿಡಿಯದ ಕಾರಣ ಇದರಲ್ಲಿ ಗಾಜಿನ ಕಿಟಕಿ ಇಡಲು ಬರುವುದಿಲ್ಲ.

ಇಡೀ ತೊಟ್ಟಿಗೆ ಕೈಕೆಲಸ ನಾಲ್ಕೈದು ದಿನದ್ದು. ಉಳಿದ ಮೂರು ವಾರ ಲೇಪ, ಅಂಟುಗಳು ಒಣಗುವುದನ್ನು ಕಾಯುವುದೇ ಕೆಲಸ. ಈ ಕಾಯುವಿಕೆಯಲ್ಲಿ ಅವಸರ ಮಾಡದ ರೈತ ಬಾಂಧವರ ತೊಟ್ಟಿ ವರ್ಷಗಳ ಕಾಲ ಬಾಳುತ್ತದೆ. ಬೇಸಿಗೆಯಲ್ಲಿ ತೊಟ್ಟಿ ಮುಗಿಸಿ ನೀರು ಹದಗೊಳಿಸಿಕೊಂಡರೆ, ಮಳೆಗಾಲ ಹಿಡಿದು ಸೊಳ್ಳೆ ಏಳುವ ವೇಳೆಗೆ ನೆರೆಮನೆಯ ಟಾಕಿಗೆ ಕೊಡಲು ಮೀನಿನ ಮರಿಗಳು ಕೈಯಲ್ಲಿರುತ್ತವೆ. ಮೀನುಗಳ ಲಭ್ಯತೆ ಹಾಗೂ ಆರೈಕೆಯ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.