ಅಂಚಿನಲ್ಲಿ ಬರೆಯುವವರು

ಯಾವುದಾದರೂ ಕನ್ನಡ ಪುಸ್ತಕದ ಮೊದಲ ಹಾಳೆ ಮಗುಚಿದರೆ ಒಂದು ಸಣ್ಣ ಪಟ್ಟಿ ಸಿಗುತ್ತದೆ. ಪ್ರಥಮ ಮುದ್ರಣದ ವರ್ಷ, ಪುಟಗಳು, ಬೆಲೆ, ಮುಖಪುಟ ಯಾರದು, ಅಕ್ಷರ ಜೋಡಣೆ ಯಾರದು, ಮುದ್ರಕರು ಯಾರು. ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ ಎಂಬುದನ್ನೂ ಎಷ್ಟೋ ಸಲ ಮರೆಯದೆ ಹಾಕಿರುತ್ತಾರೆ. ಕಾಗದದ ತೂಕಕ್ಕೆ ಸಿಕ್ಕ ಜಾಗ ಎಡಿಟರ್‌ಗೆ ಸಿಕ್ಕಿರುವುದು ಅಪರೂಪ. ಲೇಖಕರ ಮಾತಿನ ಕೊನೆಯ ಪ್ಯಾರಾದಲ್ಲಿ ಕರಡು ತಿದ್ದಿಕೊಟ್ಟ ಗೆಳೆಯನಿಗೆ ಒಂದು ಸಾಲಿನ ನೆನಕೆ ಇದ್ದರೆ ಅದೇ ದೊಡ್ಡದು.

ಆ ಗೆಳೆಯ ಮಾಡಿದ್ದು ಬಹುಪಾಲು ಕಾಗುಣಿತದ ಕೆಲಸ. ಡಿಟಿಪಿ ಆಗಿ ಬಂದ ಪುಟದಲ್ಲಿ ಬಿಟ್ಟುಹೋದ ಒತ್ತಕ್ಷರ, ಜಾರಿದ ದೀರ್ಘ, ಎರಡು ಸಲ ಬಂದ ಸಾಲು ಇಂಥವನ್ನು ಹಿಡಿಯುವುದು. ಅದು ಬೇಕೇಬೇಕು. ಆದರೆ ಹಸ್ತಪ್ರತಿಯ ಮೇಲೆ ಎಡಿಟರ್ ಕೂರುವುದು ಅದಕ್ಕಿಂತ ಬಹಳ ಮೊದಲು, ಇನ್ನೂ ಏನನ್ನು ಬೇಕಾದರೂ ಬದಲಿಸಬಹುದು ಎಂಬ ಹಂತದಲ್ಲಿ. ಮೊದಲ ಓದಿಗೆ ಪೆನ್ನು ಕೈಗೆತ್ತಿಕೊಳ್ಳದವರೇ ಹೆಚ್ಚು. ಇಡೀ ಪುಸ್ತಕ ಓದಿ, ಎಲ್ಲಿ ಆಕಳಿಕೆ ಬಂತು, ಎಲ್ಲಿ ಹಿಂದಿನ ಪುಟಕ್ಕೆ ತಿರುಗಿ ನೋಡಬೇಕಾಯಿತು, ಯಾವ ಪಾತ್ರ ನಡುವೆ ಕಾಣೆಯಾಯಿತು ಎಂದು ನೆನಪಿಟ್ಟುಕೊಂಡು ಲೇಖಕರಿಗೆ ಒಂದು ಪತ್ರ ಬರೆಯುತ್ತಾರೆ. ಈ ಕಸುಬಿನ ತಿರುಳೆಲ್ಲ ಆ ಪತ್ರದಲ್ಲಿದೆ ಎಂದು ನನ್ನ ಅಂದಾಜು.

ಅಂಥ ಪತ್ರಗಳಲ್ಲಿ ತೀರಾ ಪ್ರಸಿದ್ಧವಾದದ್ದು 1924ರ ನವೆಂಬರಿನದು. ಬರೆದವರು ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಪ್ರಕಾಶನದ ಮ್ಯಾಕ್ಸ್‌ವೆಲ್ ಪರ್ಕಿನ್ಸ್. ಹೆಮಿಂಗ್‌ವೇ, ಥಾಮಸ್ ವುಲ್ಫ್ ಅವರ ಪುಸ್ತಕಗಳನ್ನೂ ಕೈ ಹಿಡಿದು ನಡೆಸಿದವರು ಅವರೇ. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಯುರೋಪಿನಲ್ಲಿ ಕೂತು ಬರೆದು ಕಳಿಸಿದ್ದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಹಸ್ತಪ್ರತಿ ಓದಿ ಪರ್ಕಿನ್ಸ್ ಮೊದಲು ಮನಸಾರೆ ಹೊಗಳಿದರು. ಅದು ದಾಕ್ಷಿಣ್ಯದ ಹೊಗಳಿಕೆಯಲ್ಲ, ಏನು ಚೆನ್ನಾಗಿದೆ ಎಂದು ಬಿಡಿಸಿ ಹೇಳುವಂಥದು. ಆಮೇಲೆ ತಮ್ಮ ಅನುಮಾನಕ್ಕೆ ಬಂದರು: ಕಥೆಯ ಟಾಮ್ ಬುಕಾನನ್ ರಸ್ತೆಯಲ್ಲಿ ಎದುರಾದರೆ ನನಗೆ ಗುರುತು ಸಿಗುತ್ತದೆ, ಗ್ಯಾಟ್ಸ್‌ಬಿ ಮಾತ್ರ ಮಸುಕಾಗಿದ್ದಾನೆ. ಅವನ ಹಣ ಎಲ್ಲಿಂದ ಬಂತು ಎಂಬ ಕುತೂಹಲ ಓದುಗರಿಗೆ ಇದ್ದೇ ಇರುತ್ತದೆ. ಪೂರ್ತಿ ಬಿಡಿಸಿ ಹೇಳುವುದು ಬೇಡ, ಅಲ್ಲಲ್ಲಿ ಸುಳಿವು ಸಿಗುವಂತೆ ಮಾಡಬಹುದಲ್ಲ? ತನ್ನ ಹಿಂದಿನ ಬದುಕನ್ನು ಅವನು ಒಂದೇ ಉಸಿರಿಗೆ ನಿರೂಪಕನಿಗೆ ಒಪ್ಪಿಸುವ ಭಾಗವೂ ಕಾದಂಬರಿಯ ಉಳಿದ ಧಾಟಿಗೆ ಹೊಂದುತ್ತಿಲ್ಲ.

ಇಷ್ಟರಲ್ಲಿ ಎಲ್ಲಿಯೂ ಹೀಗೆ ಬರೆಯಿರಿ ಎಂದು ಒಂದು ವಾಕ್ಯವನ್ನೂ ಪರ್ಕಿನ್ಸ್ ಕಟ್ಟಿಕೊಟ್ಟಿಲ್ಲ. ತಮ್ಮ ಓದು ಎಲ್ಲಿ ಎಡವಿತು ಎಂದಷ್ಟೇ ತೋರಿಸಿದರು. ಗ್ಯಾಟ್ಸ್‌ಬಿ ನೋಡಲು ಹೇಗಿದ್ದಾನೆ, ಏನು ವ್ಯವಹಾರ ಮಾಡುತ್ತಾನೆ ಎಂಬುದು ತನಗೇ ಗೊತ್ತಿರಲಿಲ್ಲ ಎಂದು ಫಿಟ್ಜ್‌ಜೆರಾಲ್ಡ್ ಮರುಪತ್ರದಲ್ಲಿ ಒಪ್ಪಿಕೊಂಡರು. ರೋಮ್‌ನಲ್ಲಿ ಚಳಿಗಾಲ ಕಳೆಯುತ್ತ ಗ್ಯಾಲಿ ಪ್ರೂಫಿನ ಮೇಲೇ ಪುಸ್ತಕವನ್ನು ಅಧ್ಯಾಯಗಟ್ಟಲೆ ತಿರುಗಿ ಬರೆದರು. ಅಚ್ಚಿನ ಮೊಳೆ ಜೋಡಿಸಿದ ಮೇಲೆ ಒಂದು ಪುಟ ಬದಲಾಯಿಸುವುದೆಂದರೆ ಪ್ರಕಾಶಕರ ಕಿಸೆಗೆ ಕತ್ತರಿ. ಸ್ಕ್ರಿಬ್ನರ್ಸ್ ಅದನ್ನು ಸಹಿಸಿಕೊಂಡಿತು. ಪುಸ್ತಕ 1925ರ ಏಪ್ರಿಲ್‌ನಲ್ಲಿ ಹೊರಬಂತು. ಇವತ್ತು ನಾವು ಓದುವ ಗ್ಯಾಟ್ಸ್‌ಬಿ ಆ ಚಳಿಗಾಲದವನು.

ಪತ್ರದ ಹಂತ ಮುಗಿದ ಮೇಲೆ ಸಾಲಿನ ಕೆಲಸ. ಇದನ್ನು ಕನ್ನಡದಲ್ಲೇ ನೋಡುವುದು ವಾಸಿ. ಉದಾಹರಣೆಗೆಂದು ನಾನೇ ಕಟ್ಟಿದ ಒಂದು ತುಣುಕು, ಮಲೆನಾಡಿನ ಲೇಖಕರೊಬ್ಬರ ಮೊದಲ ಕಾದಂಬರಿಯಲ್ಲಿ ಇರಬಹುದಾದದ್ದು: “ಆಗ ಬೆಳಗಿನ ಸಮಯವಾಗಿತ್ತು. ಶಾರದಮ್ಮನವರು ಹಿತ್ತಿಲ ಬಾಗಿಲನ್ನು ತೆರೆದರು. ರಾತ್ರಿ ಸುರಿದ ಮಳೆಗೆ ಒಣಗಲು ಹಾಕಿದ್ದ ಅಡಿಕೆಯೆಲ್ಲ ನೆನೆದುಹೋಗಿತ್ತು. ಅದನ್ನು ನೋಡಿ ಆಕೆಗೆ ಬಹಳ ದುಃಖವಾಯಿತು. ಅವಳ ಮನಸ್ಸು ಭಾರವಾಯಿತು.”

ವ್ಯಾಕರಣದ ತಪ್ಪು ಒಂದೂ ಇಲ್ಲ. ಕರಡು ತಿದ್ದುವವರು ಇದನ್ನು ಮುಟ್ಟದೆ ಮುಂದೆ ಹೋಗುತ್ತಾರೆ. ಎಡಿಟರ್ ಅಂಚಿನಲ್ಲಿ ಮೂರು ಟಿಪ್ಪಣಿ ಬರೆಯುತ್ತಾರೆ. ಒಂದು, ‘ಶಾರದಮ್ಮನವರು’, ‘ಆಕೆ’, ‘ಅವಳು’ ಇಷ್ಟು ಹತ್ತಿರದಲ್ಲೇ ಬಂದಿವೆ. ಈಕೆಯನ್ನು ನೋಡುತ್ತಿರುವುದು ಯಾರ ಕಣ್ಣು, ಊರಿನವರದೋ ಮಗನದೋ? ಎರಡು, ಹಿಂದಿನ ಅಧ್ಯಾಯ ಶ್ರಾವಣದ ಹಬ್ಬದಲ್ಲಿ ಮುಗಿದಿದೆ, ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಅಡಿಕೆ ಎಲ್ಲಿಂದ ಬಂತು? ಮೂರು, ದುಃಖವಾಯಿತು ಎಂದ ಮೇಲೆ ಮನಸ್ಸು ಭಾರವಾದದ್ದನ್ನೂ ಹೇಳಬೇಕೇ; ನೆನೆದ ಅಡಿಕೆ ಕಂಡ ಹೆಂಗಸು ಆ ಗಳಿಗೆ ಏನು ಮಾಡುತ್ತಾಳೆ?

ಅಡಿಕೆಯ ಪ್ರಶ್ನೆ ನನಗೆ ಬಲು ಇಷ್ಟ. ಮಲೆನಾಡಿನಲ್ಲಿ ಕೊಯ್ಲು ಶುರುವಾಗುವುದು ದೀಪಾವಳಿಯ ಆಸುಪಾಸಿನಲ್ಲಿ ಎಂದು ಲೇಖಕರಿಗೂ ಚೆನ್ನಾಗಿ ಗೊತ್ತು. ಬರೆಯುವ ಭರದಲ್ಲಿ ಮಳೆ ಬೇಕಾಗಿತ್ತು, ಮಳೆಯ ಜೊತೆ ಶ್ರಾವಣ ತಾನಾಗಿ ಬಂದುಬಿಟ್ಟಿತು. ಈಗ ಅವರ ಮುಂದೆ ಎರಡು ದಾರಿ: ಅಡಿಕೆ ಬಿಡುವುದು, ಇಲ್ಲವೇ ತಿಂಗಳು ಬದಲಿಸುವುದು. ತಿಂಗಳು ಬದಲಿಸಿ ಕಾರ್ತಿಕಕ್ಕೆ ತಂದರೆ ಅದು ಅಕಾಲದ ಮಳೆಯಾಗುತ್ತದೆ, ನಷ್ಟ ಇನ್ನಷ್ಟು ನಿಜವಾಗುತ್ತದೆ, ಹಿಂದಿನ ಅಧ್ಯಾಯದ ಹಬ್ಬವೂ ಬೇರೆಯಾಗುತ್ತದೆ. ಲೇಖಕರು ತಿದ್ದಿದ ಮೇಲೆ ತುಣುಕು ಹೀಗಾಯಿತು ಎಂದುಕೊಳ್ಳಿ: “ಶಾರದಮ್ಮ ಹಿತ್ತಿಲ ಬಾಗಿಲು ತೆಗೆದರು. ರಾತ್ರಿಯ ಮಳೆಗೆ ಅಡಿಕೆಯೆಲ್ಲ ನೆನೆದಿತ್ತು. ಒಂದನ್ನು ಎತ್ತಿ ಮೂಸಿ ನೋಡಿ, ಸೆರಗಿಗೆ ಒರೆಸಿ, ಮತ್ತೆ ಅಲ್ಲೇ ಇಟ್ಟರು.” ಆ ಕೊನೆಯ ಸಾಲು ಎಡಿಟರ್‌ಗೆ ಹೊಳೆಯುವಂಥದಲ್ಲ. ಅಡಿಕೆ ಮನೆಯಲ್ಲಿ ಬೆಳೆದವರಿಗೇ ಹೊಳೆಯಬೇಕು. ಎಡಿಟರ್ ಕೇಳಿದ್ದು ಪ್ರಶ್ನೆ ಮಾತ್ರ.

ಕಾಪಿ ಎಡಿಟಿಂಗ್ ಎಂಬ ಮುಂದಿನ ಹಂತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರತಿ ಪುಸ್ತಕಕ್ಕೂ ಎಡಿಟರ್ ಒಂದು ಹಾಳೆ ಇಟ್ಟುಕೊಳ್ಳುತ್ತಾರೆ: ಅಡಿಕೆಯೋ ಅಡಕೆಯೋ, ‘ಕಾಲೇಜ್’ ಎಂದೋ ‘ಕಾಲೇಜು’ ಎಂದೋ, ಅಂಕಿ ಅಕ್ಷರದಲ್ಲೋ ಸಂಖ್ಯೆಯಲ್ಲೋ, ಸೋದರಮಾವನ ಹೆಸರೇನು, ಅವನು ಸತ್ತದ್ದು ಯಾವ ವರ್ಷ. ಪಕ್ಕದಲ್ಲಿ ಸಾಹಿತ್ಯ ಪರಿಷತ್ತಿನ ನಿಘಂಟು, ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಇದ್ದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಕೈಕೊಡುವ ಅಕ್ಷರಗಳನ್ನು ಹಿಡಿಯುವುದೂ ಈಗ ಇವರ ಪಾಲಿಗೆ ಬಂದಿದೆ. ಕನ್ನಡಕ್ಕೇ ವಿಶೇಷವಾದ ಒಂದು ಎಚ್ಚರವೂ ಬೇಕು. ಮಹಾಪ್ರಾಣ ಬಿಟ್ಟು ಬರೆಯುವವರಿದ್ದಾರೆ, ‘ಐದು’ ಬಿಟ್ಟು ‘ಅಯ್ದು’ ಬರೆಯುವವರಿದ್ದಾರೆ. ಅದು ಕೈತಪ್ಪೋ ನಿಲುವೋ ಎಂದು ಕೇಳದೆ ತಿದ್ದಿದರೆ ಅನಾಹುತ. ದೇವನೂರ ಮಹಾದೇವರ ಆಡುನುಡಿಯ ‘ಕುಸುಮಬಾಲೆ’ಯನ್ನು ಯಾರಾದರೂ ಶಿಷ್ಟ ಕನ್ನಡಕ್ಕೆ ತಿದ್ದಿ ಕೊಟ್ಟಿದ್ದರೆ ಅಲ್ಲಿ ಉಳಿಯುತ್ತಿದ್ದುದೇನು?

ಕೇಳದೆ ತಿದ್ದುವವರು ದೊಡ್ಡ ಊರುಗಳಲ್ಲೂ ಇದ್ದರು. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಅವರ 1981ರ ಸಂಕಲನವನ್ನು ಎಡಿಟರ್ ಗಾರ್ಡನ್ ಲಿಷ್ ಅರ್ಧದಷ್ಟು ಕತ್ತರಿಸಿದರು, ಕಥೆಗಳ ಕೊನೆ ಬದಲಿಸಿದರು. ಪ್ರಕಟಣೆ ನಿಲ್ಲಿಸಿ ಎಂದು ಕಾರ್ವರ್ ಪತ್ರ ಬರೆದು ಅಂಗಲಾಚಿದರು, ನಿಲ್ಲಲಿಲ್ಲ. ಆ ಪುಸ್ತಕವೇ ಅವರಿಗೆ ಹೆಸರು ತಂದದ್ದು ಇದರ ವ್ಯಂಗ್ಯ. ಲೇಖಕರು ತೀರಿಕೊಂಡು ಎರಡು ದಶಕವಾದ ಮೇಲೆ, 2009ರಲ್ಲಿ, ಮೂಲ ರೂಪ ‘ಬಿಗಿನರ್ಸ್’ ಎಂಬ ಹೆಸರಿನಲ್ಲಿ ಬಂತು. ಯಾವುದು ಮೇಲು ಎಂದು ಓದುಗರು ಇನ್ನೂ ಕಿತ್ತಾಡುತ್ತಾರೆ. ನನ್ನ ಮತ ಕೇಳಿದರೆ, ಲಿಷ್ ಕತ್ತರಿಸಿದ ಕಥೆ ಕೆಲವು ಕಡೆ ನಿಜಕ್ಕೂ ಬಿಗಿಯಾಗಿದೆ. ಆದರೂ ಅವರು ಮಾಡಿದ್ದು ತಪ್ಪು.

ಕನ್ನಡದಲ್ಲಿ ಈ ಕಸುಬು ಇರಲೇ ಇಲ್ಲ ಎನ್ನುವಂತಿಲ್ಲ. ಧಾರವಾಡದ ಸುಭಾಸ ರಸ್ತೆಯ ‘ಅಟ್ಟ’ವನ್ನು, ಅಂದರೆ ಮನೋಹರ ಗ್ರಂಥಮಾಲೆಯ ಕಚೇರಿಯನ್ನು, ಮರೆಯುವುದು ಹೇಗೆ? ಜಿ.ಬಿ. ಜೋಶಿ 1933ರಲ್ಲಿ ಶುರುಮಾಡಿದ ಈ ಗ್ರಂಥಮಾಲೆಗೆ ಕೀರ್ತಿನಾಥ ಕುರ್ತಕೋಟಿ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು ಅಲ್ಲಿಂದ. ಕುರ್ತಕೋಟಿಯವರು ವೃತ್ತಿಯಲ್ಲಿ ಇಂಗ್ಲಿಷ್ ಮೇಷ್ಟ್ರು. ಹಸ್ತಪ್ರತಿ ಓದುವುದು ಪ್ರೀತಿಯ ಕೆಲಸ. ಕನ್ನಡದ ಬಹುತೇಕ ಎಡಿಟಿಂಗ್ ನಡೆದಿರುವುದು ಹೀಗೇ, ಸ್ನೇಹದ ಲೆಕ್ಕದಲ್ಲಿ. ಸಾವಿರ ಪ್ರತಿ ಹಾಕುವ ಪುಸ್ತಕದಲ್ಲಿ ಎಡಿಟರ್‌ಗೆ ದುಡ್ಡು ಎಲ್ಲಿಂದ ತರೋಣ ಎಂದು ಪ್ರಕಾಶಕರು ಕೇಳಿದರೆ ಅದು ನೆಪವೇನಲ್ಲ. ಆದರೆ ಸ್ನೇಹದಲ್ಲಿ ಓದಿದವರು ನಿಮ್ಮ ಮೂರನೇ ಅಧ್ಯಾಯವೇ ಬೇಡ ಎಂದು ಹೇಳಲು ಹಿಂಜರಿಯುತ್ತಾರೆ. ದುಡ್ಡು ತೆಗೆದುಕೊಂಡವರು ಹೇಳಲೇಬೇಕಾಗುತ್ತದೆ.

ಈಗ ಸ್ವತಂತ್ರವಾಗಿ ಈ ಕೆಲಸ ಮಾಡುವವರು ಕನ್ನಡದಲ್ಲೂ ಸಿಗುತ್ತಾರೆ. ಪದಕ್ಕಿಷ್ಟು, ಪುಟಕ್ಕಿಷ್ಟು ಎಂದು ಮಾತಾಡಿಕೊಳ್ಳುವುದು ರೂಢಿ. ಹಸ್ತಪ್ರತಿ ಪೂರ್ತಿ ಒಪ್ಪಿಸುವ ಮುಂಚೆ ನಾಲ್ಕೈದು ಪುಟ ತಿದ್ದಿಸಿ ನೋಡುವುದು ಜಾಣತನ. ನಿಮ್ಮ ದನಿ ಉಳಿದಿದೆಯೋ ಅವರ ದನಿ ಬಂದು ಕೂತಿದೆಯೋ ಅಷ್ಟರಲ್ಲೇ ಗೊತ್ತಾಗುತ್ತದೆ. ಪತ್ರವಷ್ಟೇ ಬೇಕೋ, ಸಾಲು ಸಾಲಾಗಿ ತಿದ್ದಬೇಕೋ, ಎಷ್ಟು ಸುತ್ತು, ಕೊನೆಯ ಮಾತು ಯಾರದು ಎಂಬುದು ಬರಹದಲ್ಲಿರಲಿ. ತಿದ್ದುಪಡಿಯೆಲ್ಲ ಕಾಣುವಂತೆ ಉಳಿಸಿದ ಫೈಲನ್ನೇ ಕೇಳಿ ಪಡೆಯಿರಿ. ಅದು ಬಂದ ದಿನ ಸಿಟ್ಟು ಬರುತ್ತದೆ, ಅವತ್ತು ಉತ್ತರ ಬರೆಯಬೇಡಿ.

ಪುಸ್ತಕದಲ್ಲಿ ಎಡಿಟರ್ ಹೆಸರು ಹಾಕುವ ವಿಷಯಕ್ಕೆ ಬಂದರೆ, ಎಡಿಟರುಗಳೇ ಅದಕ್ಕೆ ಅಂಜುವುದುಂಟು. ಥಾಮಸ್ ವುಲ್ಫ್ 1935ರಲ್ಲಿ ತಮ್ಮ ಎರಡನೇ ಕಾದಂಬರಿಯನ್ನು ಪರ್ಕಿನ್ಸ್ ಅವರಿಗೆ ಮನತುಂಬಿ ಅರ್ಪಿಸಿದರು. ಮರುವರ್ಷವೇ ವಿಮರ್ಶಕರೊಬ್ಬರು ಈ ಪುಸ್ತಕ ಕಟ್ಟಿದ್ದು ವುಲ್ಫ್ ಅಲ್ಲ, ಪ್ರಕಾಶನದವರು ಎಂಬರ್ಥದಲ್ಲಿ ಬರೆದರು. ಆ ಮಾತು ವುಲ್ಫ್ ಅವರನ್ನು ಕೊರೆಯಿತು. ಸ್ವಲ್ಪ ಕಾಲದಲ್ಲೇ ಸ್ಕ್ರಿಬ್ನರ್ಸ್ ಬಿಟ್ಟು ಬೇರೆ ಪ್ರಕಾಶಕರ ಬಳಿ ಹೋದರು. ಲಂಡನ್ನಿನ ಎಡಿಟರ್ ಡಯಾನಾ ಆಥಿಲ್ ಅವರದು ಇದಕ್ಕೆ ತದ್ವಿರುದ್ಧದ ಅನುಭವ. ವಿ.ಎಸ್. ನೈಪಾಲ್, ಜೀನ್ ರೀಸ್ ಅಂಥವರ ಹಸ್ತಪ್ರತಿ ನೋಡಿದ ಆಕೆ, ‘ಸ್ಟೆಟ್’ ಎಂಬ ತಮ್ಮ ನೆನಪಿನ ಪುಸ್ತಕದಲ್ಲಿ ತಾಹಿತಿ ದ್ವೀಪದ ಬಗ್ಗೆ ಬರೆದ ಒಬ್ಬರ ಕಥೆ ಹೇಳುತ್ತಾರೆ. ವಿಷಯದಲ್ಲಿ ಪಂಡಿತರು, ವಾಕ್ಯ ಮಾತ್ರ ಬರುತ್ತಿರಲಿಲ್ಲ. ಆಥಿಲ್ ಹೆಚ್ಚುಕಮ್ಮಿ ಪ್ರತಿ ಸಾಲನ್ನೂ ಹೊಸದಾಗಿ ಬರೆದು, ಒಂದೊಂದೇ ಅಧ್ಯಾಯವನ್ನು ಅವರಿಗೆ ಕಳಿಸಿ ಒಪ್ಪಿಗೆ ಪಡೆದರು. ಪುಸ್ತಕ ಬಂತು, ವಿಮರ್ಶೆಯಲ್ಲಿ ಅದರ ಬರವಣಿಗೆಗೆ ಮೆಚ್ಚುಗೆ ಸಿಕ್ಕಿತು. ಲೇಖಕರು ಆ ಕತ್ತರಿಕೆಯನ್ನು ಆಕೆಗೆ ಕಳಿಸಿ ಜೊತೆಗೆ ಒಂದು ಚೀಟಿಯನ್ನೂ ಇಟ್ಟಿದ್ದರು: ನೋಡಿ, ಭಾಷೆಯ ಬಗ್ಗೆ ನೀವು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ.